ಕ್ಯಾಮೆರಾ ನೋಡಲು ಪೋರ್ಟ್ ತೆರೆಯಬೇಕೆ?

ಯಾದಗಿರಿಯ ಅಡತಿ ಅಂಗಡಿ, ಶಹಾಪುರದ ಹತ್ತಿ ಮಿಲ್ಲು, ಸುರಪುರದ ಬಟ್ಟೆ ಅಂಗಡಿ, ಎಲ್ಲೇ ಕ್ಯಾಮೆರಾ ಹಾಕಿಸಿದರೂ ಅದು ಪರವೂರಿನಿಂದಲೂ ಮೊಬೈಲಿನಲ್ಲಿ ಕಾಣಬೇಕೆಂಬುದು ಸಹಜ ಆಸೆ. ಅದಕ್ಕಿರುವ ಹಳೆಯ ದಾರಿ ಪೋರ್ಟ್ ಫಾರ್ವರ್ಡಿಂಗ್. ರೌಟರಿನ ಹಿಂದಿರುವ ಕಂಪ್ಯೂಟರು, ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್‌ಗಳಿಗೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಒಳವಿಳಾಸಗಳಿರುತ್ತವೆ. ಹೊರಗೆ ಕಾಣುವುದು ರೌಟರಿನ ವಿಳಾಸವೊಂದೇ. ಒಳಗಿನವರು ಕೇಳದೆ ಹೊರಗಿನಿಂದ ಏನಾದರೂ ಬಂದರೆ ಯಾರಿಗೆ ಕೊಡಬೇಕೆಂದು ತಿಳಿಯದೆ ರೌಟರ್ ಅದನ್ನು ಕೈಬಿಡುತ್ತದೆ. ‘8000ನೇ ಪೋರ್ಟಿಗೆ ಬಂದದ್ದನ್ನು 192.168.1.50ಕ್ಕೆ ಕಳಿಸು’ ಎಂದು ಅದರ ಸೆಟ್ಟಿಂಗಿನಲ್ಲಿ ಒಂದು ಸಾಲು ತುಂಬಿದರೆ ಡಿವಿಆರ್ ಹೊರಗಿನವರಿಗೂ ಸಿಗುತ್ತದೆ. ಕ್ಯಾಮೆರಾಕ್ಕಾಗಿ ಆ ಸಾಲು ತುಂಬಬಾರದು ಎಂಬುದು ನನ್ನ ವಾದ. ಬಂದವರು ಮಾಲೀಕರೋ ಪರರೋ ಎಂದು ಆ ಸಾಲು ವಿಚಾರಿಸುವುದಿಲ್ಲ.

‘ಸುರಪುರದ ಅಂಗಡಿ ಹುಡುಕಿಕೊಂಡು ಯಾರ್ ಬರ್ತಾರ್ರೀ?’ ಎನ್ನಬಹುದು. ಹುಡುಕುವ ಯಂತ್ರಗಳಿಗೆ ಊರು ಯಾವುದಾದರೇನು! ಐಪಿವಿ4ರಲ್ಲಿರುವುದು ಸುಮಾರು 430 ಕೋಟಿ ವಿಳಾಸ. ಅಷ್ಟನ್ನೂ ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ತಡಕಬಹುದೆಂದು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ತೋರಿಸಿದರು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ಹೀಗೇ ಹುಡುಕಿ ವಶಪಡಿಸಿಕೊಂಡಿತು. ಆ ಅಕ್ಟೋಬರಿನಲ್ಲಿ ಅವುಗಳಿಂದಲೇ, ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುತ್ತಿದ್ದ ಡೈನ್ ಕಂಪನಿಯ ಮೇಲೆ ದಾಳಿ ನಡೆದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೂ ತತ್ತರಿಸಿದವು. ಪಾಸ್‌ವರ್ಡ್ ಗಟ್ಟಿಮಾಡಿದರೆ ಸಾಲದೇ? ಅದು ಬೇಕೇ ಬೇಕು, ಆದರೆ ಸಾಲದು: 2017ರಲ್ಲಿ ಹಿಕ್‌ವಿಷನ್‌ನ ಹಲವು ಕ್ಯಾಮೆರಾಗಳಲ್ಲಿ ಪಾಸ್‌ವರ್ಡನ್ನೇ ದಾಟಿ ಒಳಹೋಗಬಹುದಾದ ದೋಷ ಬಯಲಾಯಿತು. ಪೋರ್ಟಿನ ಸಂಖ್ಯೆ ಬದಲಿಸಿದರೂ ಬಚಾವಾಗುವುದಿಲ್ಲ, ಇರುವ 65,535ನ್ನೂ ತಡಕಬಲ್ಲವರಿದ್ದಾರೆ.

ಕಂಪನಿಯ ಆ್ಯಪ್ ಬಳಸಿದರೆ ಪೋರ್ಟಿನ ಗೊಡವೆಯಿಲ್ಲ, ನಿಜ. ಆದರೆ ಆ ಕಂಪನಿಯ ಸರ್ವರನ್ನು ನಂಬಬೇಕು. ನಾನು ಮುಂದಿಡುವುದು ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ಹೊರಗಿನ ಮೊಬೈಲನ್ನು ಅಂಗಡಿಯ ಒಳಜಾಲಕ್ಕೆ ಸೇರಿಸುವ ಗುಪ್ತ ದಾರಿ. ಅದಕ್ಕೂ ಪೋರ್ಟ್ ಬೇಕಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಸರಿಯಾದ ಕೀಲಿ ಇಲ್ಲದೆ ಬಂದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ತಡಕುವವರಿಗೆ ಅಲ್ಲೇನಿದೆ ಎಂಬುದೇ ತಿಳಿಯದು. ರೌಟರಿನ ಹೊರವಿಳಾಸ 100.64ರಿಂದ 100.127ರೊಳಗಿದ್ದರೆ ಈ ಕೆಲಸ ನಡೆಯದು. ಏಕೆಂದರೆ ಅಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಇಂಟರ್‌ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚಿರುತ್ತದೆ, ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬೇಕಾಗುತ್ತದೆ. ಯಾವ ದಾರಿ ಹಿಡಿದರೂ ರೌಟರಿನಲ್ಲಿ ಯುಪಿಎನ್‌ಪಿ ಆಫ್ ಆಗಿದೆಯೇ ನೋಡಿ: ಅದು ಆನ್ ಇದ್ದರೆ ನೀವು ತುಂಬದ ಆ ಸಾಲನ್ನು ಡಿವಿಆರ್ ತಾನೇ ತುಂಬಿಸಿಕೊಂಡಿರಬಹುದು.