ಸಂದೇಶವಾಹಕ ಆರ್‌ಎನ್‌ಎಯ ನಿರ್ಗಮನ

ಸಂದೇಶವಾಹಕ ಆರ್‌ಎನ್‌ಎಯ ನಿರ್ಗಮನ ಎಂದರೆ ಜೀವಕೋಶದ ಕೋಶಕೇಂದ್ರದಲ್ಲಿ ಸಿದ್ಧವಾದ ಸಂದೇಶವಾಹಕ ಆರ್‌ಎನ್‌ಎ (ಎಂಆರ್‌ಎನ್‌ಎ) ಪ್ರೋಟೀನುಗಳೊಡನೆ ಕೂಡಿಕೊಂಡು ಕೋಶದ್ರವ್ಯವನ್ನು ತಲುಪುವ ಪ್ರಕ್ರಿಯೆ. ಯೀಸ್ಟ್‌ನಿಂದ ಮನುಷ್ಯನವರೆಗೆ, ಕೋಶಕೇಂದ್ರವುಳ್ಳ ಎಲ್ಲ ಜೀವಿಗಳಲ್ಲಿಯೂ ಇದು ನಡೆಯುತ್ತದೆ. ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಾಗಳಲ್ಲಿ ಈ ಹಂತವಿಲ್ಲ. ಕೆಲವು ವೈರಸ್‌ಗಳು ಈ ಮಾರ್ಗದ ಅಗತ್ಯವೇ ಇಲ್ಲದೆ ಜೀವಕೋಶವನ್ನು ವಶಪಡಿಸಿಕೊಳ್ಳುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳನ್ನು ಕಾಡುತ್ತಿರುವ ಮಂಗನ ಕಾಯಿಲೆಯ ವೈರಸ್ ಅಂಥವುಗಳಲ್ಲಿ ಒಂದು.

ಅಗತ್ಯ

ಪ್ರೋಟೀನು ತಯಾರಿಕೆಯ ವಿವರ ಡಿಎನ್‌ಎಯಲ್ಲಿದೆ, ಡಿಎನ್‌ಎ ಕೋಶಕೇಂದ್ರದೊಳಗಿದೆ. ಪ್ರೋಟೀನನ್ನು ಕಟ್ಟುವ ರೈಬೋಸೋಮ್‌ಗಳು ಕೋಶದ್ರವ್ಯದಲ್ಲಿವೆ. ಆದ್ದರಿಂದ ವಿವರದ ಪ್ರತಿಯೊಂದು ಹೊರಗೆ ಹೋಗಬೇಕು. ಮೊದಲು ತಯಾರಾಗುವ ಪ್ರತಿ ಬಳಕೆಗೆ ಯೋಗ್ಯವಾಗಿರುವುದಿಲ್ಲ. ಅದರ ನಡುವೆ ಇಂಟ್ರಾನ್‌ಗಳೆಂಬ ಬೇಡದ ಭಾಗಗಳಿರುತ್ತವೆ. ಅವು ಉಳಿದುಕೊಂಡೇ ಹೊರಬಂದರೆ ದೋಷಯುಕ್ತ ಪ್ರೋಟೀನು ಉಂಟಾಗಬಹುದು. ಸಿದ್ಧವಾದ ಪ್ರತಿ ಯಾವುದು, ಅರೆಸಿದ್ಧವಾದದ್ದು ಯಾವುದು ಎಂಬುದನ್ನು ಜೀವಕೋಶವು ಆರ್‌ಎನ್‌ಎಗೆ ಅಂಟಿಕೊಂಡಿರುವ ಪ್ರೋಟೀನುಗಳಿಂದ ಗುರುತಿಸುತ್ತದೆ. ಈ ಪ್ರೋಟೀನುಗಳು ಅರಣ್ಯ ಚೆಕ್‌ಪೋಸ್ಟಿನಲ್ಲಿ ತೋರಿಸುವ ರಹದಾರಿಯಂತೆ ಕೆಲಸ ಮಾಡುತ್ತವೆ.

ಜೊತೆಗೂಡುವ ಪ್ರೋಟೀನುಗಳು

ಆರ್‌ಎನ್‌ಎ ತಯಾರಾಗುತ್ತಿರುವಾಗಲೇ ಪ್ರೋಟೀನುಗಳು ಅದನ್ನು ಸೇರಲಾರಂಭಿಸುತ್ತವೆ. ಅದರ ಆರಂಭದ ತುದಿಗೆ ಟೋಪಿಯಂಥ ರಾಸಾಯನಿಕ ರಚನೆಯೊಂದು ಜೋಡಣೆಯಾಗುತ್ತದೆ. ಸಿಬಿಪಿ80 ಮತ್ತು ಸಿಬಿಪಿ20 ಎಂಬ ಜೋಡಿ ಪ್ರೋಟೀನುಗಳು ಅದನ್ನು ಹಿಡಿದುಕೊಳ್ಳುತ್ತವೆ. ಇಂಟ್ರಾನ್‌ಗಳು ಕತ್ತರಿಸಲ್ಪಟ್ಟು ಉಳಿದ ತುಂಡುಗಳು ಕೂಡಿದಾಗ, ಪ್ರತಿ ಬೆಸುಗೆಗಿಂತ ಸುಮಾರು 20ರಿಂದ 24 ಅಕ್ಷರಗಳಷ್ಟು ಹಿಂದೆ ಪ್ರೋಟೀನುಗಳ ಸಂಕೀರ್ಣವೊಂದು ನೆಲೆಗೊಳ್ಳುತ್ತದೆ. ಕೊನೆಯ ತುದಿಗೆ ಅಡೆನಿನ್‌ಗಳ ಬಾಲ ಸೇರುತ್ತದೆ. ಸಸ್ತನಿಗಳಲ್ಲಿ ಇದರ ಉದ್ದ ಸುಮಾರು 200ರಿಂದ 250. ಈ ಬಾಲಕ್ಕೂ ಅದರದೇ ಆದ ಪ್ರೋಟೀನುಗಳಿವೆ.

ಇವುಗಳ ನೆರವಿನಿಂದ ಟ್ರೆಕ್ಸ್ ಎಂಬ ಪ್ರೋಟೀನು ಸಂಕೀರ್ಣವು ಆರ್‌ಎನ್‌ಎ ಮೇಲೆ ಕೂರುತ್ತದೆ. ಅದು ಎನ್‌ಎಕ್ಸ್‌ಎಫ್1 ಮತ್ತು ಎನ್‌ಎಕ್ಸ್‌ಟಿ1 ಎಂಬ ಜೋಡಿಯನ್ನು ಕರೆತರುತ್ತದೆ. ಹೊರಗೆ ಸಾಗಿಸುವ ಹೊಣೆ ಈ ಜೋಡಿಯದು.

ರಂಧ್ರದ ಮೂಲಕ ಪ್ರಯಾಣ

ಕೋಶಕೇಂದ್ರದ ಪೊರೆಯಲ್ಲಿರುವ ರಂಧ್ರಗಳು ಸುಮಾರು 30 ಬಗೆಯ ಪ್ರೋಟೀನುಗಳಿಂದ ಆಗಿವೆ. ಇವುಗಳ ಒಳಭಾಗವನ್ನು ಎಳೆಗಳಂಥ ಪ್ರೋಟೀನು ಭಾಗಗಳು ತುಂಬಿಕೊಂಡಿರುವುದರಿಂದ ದೊಡ್ಡ ಅಣುಗಳು ತಾವಾಗಿಯೇ ದಾಟಲಾರವು. ಎನ್‌ಎಕ್ಸ್‌ಎಫ್1 ಈ ಎಳೆಗಳಿಗೆ ಸಡಿಲವಾಗಿ ಅಂಟಿಕೊಳ್ಳುತ್ತ, ಬಿಡುತ್ತ ಮುಂದೆ ಸಾಗುತ್ತದೆ.

ರಂಧ್ರದ ಹೊರಬದಿಯಲ್ಲಿ ಡಿಡಿಎಕ್ಸ್19 ಎಂಬ ಕಿಣ್ವವು ಎಟಿಪಿಯ ಶಕ್ತಿಯನ್ನು ಬಳಸಿ ಸಾಗಣೆಯ ಪ್ರೋಟೀನುಗಳನ್ನು ಆರ್‌ಎನ್‌ಎಯಿಂದ ಬಿಡಿಸುತ್ತದೆ. ಬಿಡಿಸಿದ ಮೇಲೆ ಆರ್‌ಎನ್‌ಎ ಹಿಂದಿರುಗಲಾರದು. ಎನ್‌ಎಕ್ಸ್‌ಎಫ್1 ಮಾತ್ರ ಮತ್ತೊಂದು ಪ್ರಯಾಣಕ್ಕಾಗಿ ಒಳಗೆ ಮರಳುತ್ತದೆ.

ಹೊರಬಂದ ನಂತರ

ಎಲ್ಲ ಜೊತೆಗಾರರೂ ಬಾಗಿಲಿನಲ್ಲಿಯೇ ಅಗಲುವುದಿಲ್ಲ. ಬೆಸುಗೆಯ ಬಳಿ ನೆಲೆಗೊಂಡ ಸಂಕೀರ್ಣಗಳು ಉಳಿದು ಬರುತ್ತವೆ. ಮೊದಲ ರೈಬೋಸೋಮ್ ಆರ್‌ಎನ್‌ಎಯನ್ನು ಓದುತ್ತ ಸಾಗುವಾಗ ಅವುಗಳನ್ನು ತಳ್ಳಿಹಾಕುತ್ತದೆ. ಓದು ಅಕಾಲದಲ್ಲಿ ನಿಂತು, ಮುಂದೆ ಇನ್ನೂ ಅಂಥ ಸಂಕೀರ್ಣ ಉಳಿದಿದ್ದರೆ ಆ ಪ್ರತಿ ದೋಷಯುಕ್ತವೆಂದು ಪರಿಗಣಿತವಾಗಿ ನಾಶವಾಗುತ್ತದೆ. ಹೀಗೆ ಒಳಗೆ ನಡೆದ ಕೆಲಸದ ಗುರುತು ಹೊರಗಿನ ತಪಾಸಣೆಗೂ ನೆರವಾಗುತ್ತದೆ.

ವೈರಸ್‌ಗಳು ಮತ್ತು ಮಂಗನ ಕಾಯಿಲೆ

ಇನ್‌ಫ್ಲುಯೆಂಜಾ ವೈರಸ್ ಕೋಶಕೇಂದ್ರದೊಳಗೆ ವೃದ್ಧಿಯಾಗುತ್ತದೆ. ಅದರ ಎನ್‌ಎಸ್1 ಪ್ರೋಟೀನು ಜೀವಕೋಶದ ಆರ್‌ಎನ್‌ಎ ಸಾಗಣೆಗೆ ಅಡ್ಡಿಪಡಿಸಿ ರಕ್ಷಣಾ ವ್ಯವಸ್ಥೆಯನ್ನು ದುರ್ಬಲಗೊಳಿಸುತ್ತದೆ.

ಮಂಗನ ಕಾಯಿಲೆಯ ವೈರಸ್ಸಿನ ಮಾರ್ಗ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನೊಂದಿಗೆ ಪತ್ತೆಯಾದ ಈ ವೈರಸ್ ಉಣುಗುಗಳ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋಗುವವರು ಹೆಚ್ಚಾಗಿ ಇದಕ್ಕೆ ತುತ್ತಾಗುತ್ತಾರೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪರಿಸರದಲ್ಲಿ ಇದು ತೀವ್ರವಾಗಿ ಕಾಣಿಸಿಕೊಂಡು ಸಾವುಗಳು ಸಂಭವಿಸಿದವು.

ಈ ವೈರಸ್ ಫ್ಲಾವಿವೈರಸ್ ಗುಂಪಿಗೆ ಸೇರಿದ್ದು, ಇದರ ಆನುವಂಶಿಕ ವಸ್ತು ಸುಮಾರು 10,800 ಅಕ್ಷರಗಳ ಒಂಟಿ ಎಳೆಯ ಆರ್‌ಎನ್‌ಎ. ಅದು ತಾನೇ ಸಂದೇಶವಾಹಕವಾಗಿಯೂ ವರ್ತಿಸುತ್ತದೆ. ವೈರಸ್ ಒಳಹೊಕ್ಕೊಡನೆ ಆರ್‌ಎನ್‌ಎ ನೇರವಾಗಿ ಕೋಶದ್ರವ್ಯಕ್ಕೆ ಬಿಡುಗಡೆಯಾಗುತ್ತದೆ. ಅದರ ತಲೆಯ ಮೇಲೂ ಟೋಪಿಯ ರಚನೆ ಇರುವುದರಿಂದ ರೈಬೋಸೋಮ್ ಅದನ್ನು ತನ್ನದೇ ಎಂಬಂತೆ ಓದುತ್ತದೆ. ಆದರೆ ಈ ಗುಂಪಿನ ವೈರಸ್‌ಗಳಲ್ಲಿ ಅಡೆನಿನ್ ಬಾಲವಿಲ್ಲ. ಕೋಶಕೇಂದ್ರದ ರಹದಾರಿಯೂ ಇಲ್ಲ. ಒಂದು ಉದ್ದನೆಯ ಪ್ರೋಟೀನು ತಯಾರಾಗಿ, ನಂತರ 10 ಪ್ರೋಟೀನುಗಳಾಗಿ ಕತ್ತರಿಸಲ್ಪಡುತ್ತದೆ. ಹೊಸ ಆರ್‌ಎನ್‌ಎ ಪ್ರತಿಗಳೂ ಕೋಶದ್ರವ್ಯದಲ್ಲಿಯೇ ತಯಾರಾಗುತ್ತವೆ.

ಮಹತ್ವ

ಜ್ವರದ ಆರಂಭದ ದಿನಗಳಲ್ಲಿ ರಕ್ತದಲ್ಲಿ ಈ ಆರ್‌ಎನ್‌ಎ ಇರುವುದರಿಂದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಮೂಲಕ ಮಂಗನ ಕಾಯಿಲೆಯನ್ನು ಪತ್ತೆಹಚ್ಚಬಹುದು. ಇದಕ್ಕೆ ನಿರ್ದಿಷ್ಟ ಔಷಧವಿಲ್ಲದ ಕಾರಣ ಬೇಗನೆ ಪರೀಕ್ಷಿಸಿ ಆರೈಕೆ ನೀಡುವುದು ಮುಖ್ಯ. ಕೋವಿಡ್-19ರ ಎಂಆರ್‌ಎನ್‌ಎ ಲಸಿಕೆಗಳು ಕೂಡ ಸಿದ್ಧ ಆರ್‌ಎನ್‌ಎಯನ್ನು ನೇರವಾಗಿ ಕೋಶದ್ರವ್ಯಕ್ಕೆ ತಲುಪಿಸುತ್ತವೆ. ಅವು ಕೆಲಸ ಮಾಡಲು ಕೋಶಕೇಂದ್ರವನ್ನು ಪ್ರವೇಶಿಸಬೇಕಾಗಿಲ್ಲ.