ಲಾಲ್‌ಬಾಗ್ ಗಾಜಿನ ಮನೆಯ ಎರಕದ ಕಬ್ಬಿಣ

ಜಯನಗರದ ಪಕ್ಕದ ಲಾಲ್‌ಬಾಗ್‌ನಲ್ಲಿರುವ ಗಾಜಿನ ಮನೆಯ ಕಬ್ಬಿಣ ಹಡಗೇರಿ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಅಲ್ಲಿನ ಸಾರಸೆನ್ ಫೌಂಡ್ರಿಯನ್ನು ಕಟ್ಟಿದವರು ವಾಲ್ಟರ್ ಮ್ಯಾಕ್‌ಫರ್ಲೇನ್ (1817–1885). ಮೊದಲು ಒಡವೆ ಕೆಲಸ ಕಲಿತು, ಆಮೇಲೆ ಕಬ್ಬಿಣಕ್ಕೆ ಬಂದವರು. ಆ ಕುಸುರಿಯ ಕಣ್ಣು ಅವರ ಕಂಬಗಳಲ್ಲೂ ಕಾಣುತ್ತದೆ.

ಕಬ್ಬಿಣದಲ್ಲಿ ಬಳ್ಳಿ ಮೂಡಿಸುವ ಹಳೆಯ ದಾರಿ ಬಡಿಯುವುದು. ಫ್ರಾನ್ಸಿನ ನ್ಯಾನ್ಸಿ ನಗರದಲ್ಲಿ ಕಮ್ಮಾರ ಝಾನ್ ಲಾಮೂರ್ 1750ರ ದಶಕದಲ್ಲಿ ಮಾಡಿದ ಗೇಟುಗಳು ಕಾಯಿಸಿ, ಬಡಿದು, ಬಾಗಿಸಿದವು. ಅಲ್ಲಿ ಒಂದೊಂದು ಬಳ್ಳಿಯೂ ಸುತ್ತಿಗೆಯ ಕೆಲಸ. ಮ್ಯಾಕ್‌ಫರ್ಲೇನ್ ಹಿಡಿದ ದಾರಿ ಬೇರೆ, ಅದು ಎರಕ. ಮೊದಲು ಮರದಲ್ಲಿ ಹೂಬಳ್ಳಿ ಕೆತ್ತುತ್ತಾರೆ. ಅದನ್ನು ಹಸಿ ಮರಳಿಗೆ ಒತ್ತಿ ಮೆಲ್ಲಗೆ ತೆಗೆದರೆ ಅಚ್ಚು ಉಳಿಯುತ್ತದೆ. ಕರಗಿದ ಕಬ್ಬಿಣ ಅದರೊಳಗೆ ಹರಿದು, ಎಲೆಯ ಸಣ್ಣ ನರದವರೆಗೂ ತುಂಬಿಕೊಳ್ಳುತ್ತದೆ. ಒಂದೇ ಮಾದರಿಯಿಂದ ಎಷ್ಟು ಕಂಬ ಬೇಕಾದರೂ ಎರೆಯಬಹುದು! ಗಿರಾಕಿ ಕ್ಯಾಟಲಾಗ್ ನೋಡಿ ಆರಿಸಿದರೆ ಸಾಕಿತ್ತು. ಬಿಡಿಭಾಗಗಳು ಬಂದಿಳಿದ ಮೇಲೆ ಬೋಲ್ಟ್ ಹಾಕಿ ಜೋಡಿಸುವುದಷ್ಟೇ ಉಳಿಯುತ್ತಿತ್ತು.

ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಿಂದ. ಅಷ್ಟರಲ್ಲಿ ಮ್ಯಾಕ್‌ಫರ್ಲೇನ್ ತೀರಿಕೊಂಡಿದ್ದರು, ಫೌಂಡ್ರಿ ನಡೆಯುತ್ತಲೇ ಇತ್ತು. 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳೂ ಅಲ್ಲಿಂದಲೇ ಬಂದವು.