ಕೊಟ್ಟಿಗೆಯಿಂದ ಪ್ಯಾರಿಸ್‌ಗೆ ತಲುಪುವ ಸುದ್ದಿ

ಯಾವ ರೋಗ ಯಾವ ಊರಿನಲ್ಲಿ, ಎಷ್ಟು ಪ್ರಾಣಿಗಳಲ್ಲಿ ಕಾಣಿಸಿಕೊಂಡಿತೆಂಬುದನ್ನು ಎಡೆಬಿಡದೆ ದಾಖಲಿಸಿ, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡು, ಅದು ಮುಂದೆ ತಲುಪಬಹುದಾದ ಪ್ರದೇಶಗಳಿಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆಗೆ ಪಶುರೋಗ ಕಣ್ಗಾವಲು ಎಂದು ಹೆಸರು. ಇಂದಿನ ಜಾಗತಿಕ ಕಣ್ಗಾವಲಿನ ಮೂಲದಲ್ಲಿ ಭಾರತದ ದನಗಳೇ ಇವೆ. 1920ರಲ್ಲಿ ಇಲ್ಲಿಂದ ಬ್ರೆಜಿಲ್‌ಗೆ ಸಾಗುತ್ತಿದ್ದ ಹಿಣಿಲುಳ್ಳ ದನಗಳು ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ತಂಗಿದ್ದಾಗ, ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಆ ದೇಶದ ಹಿಂಡುಗಳಿಗೆ ಹಬ್ಬಿತು. ಒಂದೇ ಸರ್ಕಾರದ ಎಚ್ಚರದಿಂದ ಇಂಥ ರೋಗವನ್ನು ತಡೆಯಲಾಗದೆಂಬುದು ಮನವರಿಕೆಯಾಗಿ, 1924ರಲ್ಲಿ 28 ದೇಶಗಳು ಕೂಡಿ ಪ್ಯಾರಿಸ್‌ನಲ್ಲಿ ಸ್ಥಾಪಿಸಿದ ಸಂಸ್ಥೆಯೇ ಇಂದಿನ ವಿಶ್ವ ಪಶು ಆರೋಗ್ಯ ಸಂಸ್ಥೆ.

ಸಂಸ್ಥೆಯ ಪಟ್ಟಿಯಲ್ಲಿರುವ ರೋಗವೊಂದು ಒಂದು ದೇಶದಲ್ಲಿ ಮೊದಲ ಬಾರಿಗೆ ಕಾಣಿಸಿದರೆ, ಅಥವಾ ಅಳಿದುಹೋಯಿತೆಂದು ಘೋಷಿಸಿದ ಮೇಲೆ ಮರುಕಳಿಸಿದರೆ, ಆ ದೇಶವು 24 ಗಂಟೆಗಳೊಳಗೆ ವರದಿ ಸಲ್ಲಿಸಬೇಕು. ಅನಂತರ ಪ್ರಕರಣ ಮುಗಿಯುವವರೆಗೆ ವಾರಕ್ಕೊಂದು ವರದಿ ಹೋಗುತ್ತಿರಬೇಕು. ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನೂ ಸಂಸ್ಥೆ ಗಮನಿಸಿ, ಸಂಬಂಧಪಟ್ಟ ಸರ್ಕಾರದಿಂದ ಸ್ಪಷ್ಟನೆ ಕೇಳುತ್ತದೆ.

ರೋಗ ಇದೆಯೆಂದು ತೋರಿಸಲು ಒಂದು ಮಾದರಿ ಸಾಕು. ಇಲ್ಲವೆಂದು ಸಾಬೀತುಪಡಿಸುವುದೇ ಕಣ್ಗಾವಲಿನ ಅತ್ಯಂತ ಕಠಿಣ ಕೆಲಸ. ಲಸಿಕೆ ಪಡೆದ ದನದ ರಕ್ತದಲ್ಲಿಯೂ ರೋಗ ತಗುಲಿ ಗುಣವಾದ ದನದ ರಕ್ತದಲ್ಲಿಯೂ ಪ್ರತಿಕಾಯಗಳು, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸಿಕೊಂಡ ರಕ್ಷಕ ಪ್ರೋಟೀನ್‌ಗಳು, ಇರುವುದರಿಂದ, ದೊಡ್ಡರೋಗದ ಲಸಿಕೆಯನ್ನೇ ನಿಲ್ಲಿಸಿ, ಆಮೇಲೆ ಹುಟ್ಟಿದ ಕರುಗಳ ರಕ್ತವನ್ನು ಪರೀಕ್ಷಿಸಬೇಕಾಯಿತು. ಲಸಿಕೆ ಕಾಣದ ಕರುವಿನಲ್ಲಿ ಪ್ರತಿಕಾಯ ಸಿಕ್ಕರೆ ವೈರಾಣು ಎಲ್ಲಿಯೋ ಉಳಿದಿರಬಹುದೆಂದು ಅರ್ಥ. ಧೈರ್ಯ ಬೇಡುವ ಈ ಮಾರ್ಗದಲ್ಲಿ ನಡೆದ ಭಾರತಕ್ಕೆ 2006ರಲ್ಲಿ ರೋಗಮುಕ್ತಿಯ ಮನ್ನಣೆ ದೊರೆಯಿತು. 2011ರಲ್ಲಿ, ಸಿಡುಬಿನ ಅನಂತರ ಭೂಮಿಯಿಂದ ನಿರ್ಮೂಲವಾದ ಎರಡನೆಯ ರೋಗವೆಂದು ದೊಡ್ಡರೋಗವನ್ನು ಘೋಷಿಸಲಾಯಿತು.

ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ, ಅಂದರೆ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ರೋಗಮಾಹಿತಿ ಸಂಸ್ಥೆ, ಹಳೆಯ ರೋಗದಾಖಲೆಗಳನ್ನು ಮಳೆ, ಉಷ್ಣಾಂಶ, ಜಾನುವಾರು ಸಂಖ್ಯೆಗಳೊಂದಿಗೆ ಹೊಂದಿಸಿ, ಯಾವ ಜಿಲ್ಲೆಯಲ್ಲಿ ಯಾವ ರೋಗ ಬರುವ ಸಂಭವವಿದೆಯೆಂದು ಎರಡು ತಿಂಗಳು ಮುಂಚಿತವಾಗಿ ತಿಳಿಸುತ್ತದೆ. ಆದರೆ ಹಳ್ಳಿಯಲ್ಲಿ ದಾಖಲಾಗದೆ ಹೋದ ಸಾವು ಯಾವ ಗಣಿತಕ್ಕೂ ಸಿಗುವುದಿಲ್ಲ.

ಸುದ್ದಿ ಮುಚ್ಚಿಡುವುದಕ್ಕೆ ಕಾರಣಗಳೂ ಉಂಟು: ದೇಶಕ್ಕೆ ರಫ್ತು ನಿಲ್ಲುವ ಅಂಜಿಕೆ, ರೈತನಿಗೆ ಹಾಲು ಮಾರಾಟವಾಗದೆಂಬ ಅಂಜಿಕೆ. ಆದ್ದರಿಂದಲೇ ಇಡೀ ದೇಶವನ್ನು ನಿಷೇಧಿಸದೆ, ಒಳಗಿನ ರೋಗಮುಕ್ತ ವಲಯಗಳನ್ನು ಪ್ರತ್ಯೇಕವಾಗಿ ಗುರುತಿಸಿ ಅಲ್ಲಿಂದ ವ್ಯಾಪಾರಕ್ಕೆ ಅವಕಾಶ ನೀಡುವ ಪದ್ಧತಿ ಬಂದಿದೆ. ನಿಜ ಹೇಳಿದವನಿಗೆ ನಷ್ಟವಾಗದಂತೆ ನೋಡಿಕೊಳ್ಳದ ಕಣ್ಗಾವಲು ಎಷ್ಟು ಗಣಕಯಂತ್ರಗಳಿದ್ದರೂ ಕುರುಡೇ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗಾಗಿ ಭಾರತ ತಂದ 2009ರ ಕಾಯಿದೆಯು ರೋಗದ ಸಂಶಯ ಬಂದೊಡನೆ ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸುವ ಹೊಣೆಯನ್ನು ಪ್ರಾಣಿಯ ಒಡೆಯನ ಮೇಲೆಯೇ ಇರಿಸಿದೆ. ಉದಾಹರಣೆಗೆ, ಹಠಾತ್ತನೆ ಸತ್ತ ದನದ ಮೂಗು ಬಾಯಿಗಳಲ್ಲಿ ರಕ್ತ ಕಂಡರೆ ಅದು ಮನುಷ್ಯರಿಗೂ ತಗಲುವ ನೆರಡಿ ರೋಗವಿರಬಹುದು. ಗಾಳಿ ಸೋಕಿದ ರೋಗಾಣು ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕುವ ಬೀಜಕವಾಗುವುದರಿಂದ, ಅಂಥ ದನವನ್ನು ಯಾರೂ ಕೊಯ್ಯಬಾರದು. ಅಂದೇ ಪಶುವೈದ್ಯರಿಗೆ ತಿಳಿಸಬೇಕು.